ಹಸಿರು ಬಸ್ಸಿಗೆ ನೀಲಿ ಹೊಳಪು

ಕೆಮ್ಮಣ್ಣು ಎಂಬ ಊರಿನ ಬಣ್ಣಗಾರ ಕಜೆಟನ್ ಕ್ವಾಡ್ರಸನ ಮೂಗಿನ ತುದಿಯಲ್ಲಿದ್ದದ್ದು ಕೋಪವಲ್ಲ, ಹೊಟ್ಟೆಕಿಚ್ಚು. ನೆರೆಮನೆಯವರು ತಮ್ಮ ಗೇಟಿಗೆ ತಾವೇ ಬಣ್ಣ ಬಳಿದುಕೊಂಡರೆ ಅವನಿಗೆ ಅಂದಿನ ಮೀನುಸಾರು ರುಚಿಸುತ್ತಿರಲಿಲ್ಲ. ಇಗರ್ಜಿಯ ದೊಡ್ಡ ಬಾಗಿಲಿಗೆ ಮಂಗಳೂರಿನಿಂದ ಯಾರನ್ನೋ ಕರೆಸಿ ವಾರ್ನಿಷ್ ಹಾಕಿಸಿದ ವರ್ಷ, ಅವನು ಕ್ರಿಸ್ಮಸ್ ಬರುವ ತನಕ ಪಕ್ಕದ ಸಣ್ಣ ಬಾಗಿಲಿನಿಂದಲೇ ಪೂಜೆಗೆ ಹೋಗಿ ಬಂದ. ಪಾದ್ರಿಗಳು ಕೇಳಿದ್ದಕ್ಕೆ, "ಆ ಬಾಗಿಲಿನ ವಾಸನೆ ನನಗೆ ಆಗುವುದಿಲ್ಲ ಫಾದರ್, ತಲೆ ತಿರುಗುತ್ತದೆ" ಎಂದನಂತೆ. ಹಗಲಿಡೀ ವಾರ್ನಿಷಿನ ವಾಸನೆಯಲ್ಲೇ ಬದುಕುವ ಮನುಷ್ಯ ಹೇಳುವ ಮಾತೇ ಇದು!

ಇಷ್ಟಾದರೂ ಅವನ ಕೈ ಒಳ್ಳೆಯ ಕೈ. ಅದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಉಡುಪಿಯ ಬಸ್ ಸ್ಟ್ಯಾಂಡಿನ ಹಿಂದೆ, ತೆಂಗಿನ ಮಡಲು ಹೊದೆಸಿದ ಒಂದು ಶೆಡ್ಡು ಅವನದು. ಬಸ್ಸು, ಲಾರಿ, ಅಪರೂಪಕ್ಕೆ ಒಂದು ಕಾರು, ಎಲ್ಲಕ್ಕೂ ಬ್ರಶ್ಶಿನಲ್ಲೇ ಬಣ್ಣ. ತಗಡನ್ನು ಉಜ್ಜಿ, ಗುಳಿ ಬಿದ್ದಲ್ಲಿ ಪುಟ್ಟಿ ತುಂಬಿ, ನೀರು ಹಾಕಿ ಮರಳು ಕಾಗದದಲ್ಲಿ ತಿಕ್ಕಿ, ಕೋಟಿನ ಮೇಲೆ ಕೋಟು ಕೊಟ್ಟು, ಒಂದೊಂದನ್ನೂ ಒಣಗಲು ಬಿಟ್ಟು ಕೊನೆಗೆ ವಾರ್ನಿಷ್ ಎಳೆಯುವ ಹೊತ್ತಿಗೆ ತಿಂಗಳೇ ಕಳೆದುಹೋಗುತ್ತಿತ್ತು. ಅವಸರ ಮಾಡಿದವರಿಗೆ ಅವನು, "ಧನಿಗಳೇ, ಇದು ದೋಸೆಯಲ್ಲ" ಎನ್ನುತ್ತಿದ್ದ.

ಆ ಕಾಲದಲ್ಲಿ ಬಸ್ಸಿನ ಬಣ್ಣ ಬರೀ ಅಂದಕ್ಕೆ ಇದ್ದದ್ದಲ್ಲ. ಬೋರ್ಡು ಓದಲು ಬಾರದವರೇ ಹೆಚ್ಚು. ಕಾಪುವಿನ ಗದ್ದೆಯ ಬದುವಿನಲ್ಲಿ ನಿಂತ ಹೆಂಗಸು ದೂರದ ಧೂಳು ಕಂಡು, ಹುಬ್ಬಿಗೆ ಕೈ ಅಡ್ಡ ಹಿಡಿದು "ಹಸಿರು ಬಂತು" ಎಂದರೆ, ಅದು ಕಾರ್ಕಳದ ತಾರಾನಾಥ ಹೆಗ್ಡೆಯವರ ಬಸ್ಸು. ಬೆಳಿಗ್ಗೆ ಕಾರ್ಕಳ ಬಿಟ್ಟು ಉಡುಪಿಗೆ, ಅಲ್ಲಿಂದ ಕಡಲಿನ ಮಗ್ಗುಲಲ್ಲೇ ಕಾಪು, ಉಚ್ಚಿಲದ ತನಕ ಹೋಗಿ ತಿರುಗಿ ಬರುವ ಬಸ್ಸು. ಕೆಳಗೆ ಗಾಢ ಹಸಿರು, ಕಿಟಕಿಯಿಂದ ಮೇಲಕ್ಕೆ ಹಾಲಿನ ಕೆನೆಯ ಬಣ್ಣ, ಎರಡು ಬಣ್ಣ ಸೇರುವಲ್ಲಿ ಮೂತಿಯಿಂದ ಬಾಲದವರೆಗೆ ಒಂದೇ ಒಂದು ಕೆಂಪು ಗೆರೆ.

ಆ ಗೆರೆ ಎಳೆಯುವುದನ್ನು ನೋಡಲು ಡ್ರೈವರುಗಳು ಅರ್ಧ ಕುಡಿದ ಚಹಾ ಬಿಟ್ಟು ಬರುತ್ತಿದ್ದರು. ಕಜೆಟನ್ ಉದ್ದ ಕೂದಲಿನ ಬ್ರಶ್ಶನ್ನು ಕೆಂಪಿನಲ್ಲಿ ಅದ್ದಿ, ಕಿರುಬೆರಳನ್ನು ತಗಡಿಗೆ ಆನಿಸಿ, ಉಸಿರು ಬಿಗಿಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ. ನೂಲು ಹಿಡಿಯುವುದಿಲ್ಲ, ಕೋಲು ಇಡುವುದಿಲ್ಲ. ಅವನು ಹೋದಂತೆ ಗೆರೆ ಅವನ ಹಿಂದೆಯೇ ಬರುತ್ತಿತ್ತು. ಮುಗಿಸಿದ ಮೇಲೆ ಯಾರಾದರೂ ಹೊಗಳದೆ ಹೋದರೆ ಮಾತ್ರ ಅವನ ಮುಖ ಗಂಟಿಕ್ಕುತ್ತಿತ್ತು.

ಕಾಗದಪತ್ರದಲ್ಲಿ ಆ ಬಸ್ಸು ಹೆಗ್ಡೆಯವರದು. ಕಜೆಟನನ ಲೆಕ್ಕದಲ್ಲಿ ತನ್ನದು. ಅದಕ್ಕೊಂದು ಕಾರಣವಿತ್ತು, ಅದು ಅವನಿಗೂ ಅವನ ಹೆಂಡತಿ ಝೀಟಾಳಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

೧೯೫೧ರಲ್ಲಿ, ಮದುವೆಯಾದ ಹೊಸತು. ಬಸ್ಸಿಗೆ ಮೊದಲ ಸಲ ಪುಟ್ಟಿ ಹಾಕಿ ಅವನು ಬೀಡಿ ಸೇದಲು ಹೊರಗೆ ಹೋಗಿದ್ದ. ಬುತ್ತಿ ತಂದ ಝೀಟಾ ಶೆಡ್ಡಿನ ಕತ್ತಲೆಗೆ ಕಣ್ಣು ಹೊಂದಿಕೊಳ್ಳದೆ ಎಡವಿ, ಬೀಳದಿರಲು ಬಸ್ಸಿನ ಬಾಗಿಲಿಗೇ ಕೈಯೂರಿದಳು. ಹಸಿ ಪುಟ್ಟಿಯಲ್ಲಿ ಐದು ಬೆರಳೂ ಅಂಗೈಯೂ ಅಚ್ಚಾಗಿ ಮೂಡಿದವು. ಹುಡುಗಿ ಹೆದರಿ ಕಣ್ಣಲ್ಲಿ ನೀರು ತಂದುಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಕಜೆಟನ್ ಶೆಡ್ಡು ಹಾರಿಹೋಗುವ ಹಾಗೆ ಬೊಬ್ಬೆ ಹೊಡೆಯುತ್ತಿದ್ದ. ಅಂದು ಅವನು ಆ ಗುರುತನ್ನೊಮ್ಮೆ ನೋಡಿ, ಅವಳ ಮುಖವನ್ನೊಮ್ಮೆ ನೋಡಿ, "ಇರಲಿ ಬಿಡು" ಎಂದ. ಅದರ ಮೇಲೆಯೇ ಬಣ್ಣ ಕೊಟ್ಟ. ಆಮೇಲೆ ಪ್ರತಿ ಸಲ ಬಸ್ಸು ಬಣ್ಣಕ್ಕೆ ಬಂದಾಗಲೂ ಆ ಬಾಗಿಲನ್ನು ಮಾತ್ರ ಹಗುರ ಕೈಯಲ್ಲಿ ತಿಕ್ಕುತ್ತಿದ್ದ. ಕೆಂಪು ಗೆರೆಯ ಸ್ವಲ್ಪ ಕೆಳಗೆ, ಬೆಳಕು ಓರೆಯಾಗಿ ಬಿದ್ದಾಗ, ತಿಳಿದವರ ಕಣ್ಣಿಗೆ ಇನ್ನೂ ಅದು ಕಾಣುತ್ತಿತ್ತು. ಹೆಂಡತಿಯ ಕೈ ದಿನಾ ಕಾರ್ಕಳಕ್ಕೂ ಕಡಲ ಕರೆಗೂ ಓಡಾಡಿ ಬರುತ್ತಿದೆ ಎಂದು ನೆನೆದು ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಇನ್ನೊಂದು ಗುಟ್ಟೂ ಆ ಬಸ್ಸಿನಲ್ಲಿತ್ತು, ಅದು ಕಸುಬಿನದು. ಉಚ್ಚಿಲದ ಉಪ್ಪು ಗಾಳಿಗೆ ಬೇರೆಯವರ ಬಸ್ಸುಗಳ ತಗಡು ಎರಡೇ ಮಳೆಗಾಲದಲ್ಲಿ ತುಕ್ಕು ತಿಂದು ಜರಡಿಯಾಗುತ್ತಿದ್ದರೆ, ಹೆಗ್ಡೆಯವರದಕ್ಕೆ ಏನೂ ಆಗುತ್ತಿರಲಿಲ್ಲ. ದೋಣಿಗೆ ಮೀನೆಣ್ಣೆ ಬಳಿಯುವುದನ್ನು ಕಜೆಟನ್ ಚಿಕ್ಕಂದಿನಿಂದ ನೋಡಿದ್ದ. ಬೂತಾಯಿ ಮೀನಿನ ಎಣ್ಣೆ ತಂದು, ಮನೆಯ ಹಿತ್ತಲಲ್ಲಿ ಝೀಟಾಳ ಕೈಯಿಂದ ಕುದಿಸಿ, ಕೆಂಪು ಪುಡಿಯೊಂದಿಗೆ ಅಡಿಕೋಟಿಗೆ ಬೆರೆಸುತ್ತಿದ್ದ. ಆ ಅಡಿಕೋಟು ಒಳಗೊಳಗೆ ಎಂದೂ ಪೂರ್ತಿ ಗಟ್ಟಿಯಾಗದು, ಸ್ವಲ್ಪ ಮೆದುವಾಗಿಯೇ ಉಳಿಯುತ್ತದೆ. ಅದಕ್ಕೇ ಬಿರುಕು ಬಿಡದು, ನೀರು ಒಳಗೆ ಇಳಿಯದು. ಎಣ್ಣೆ ಕುದಿಯುವ ದಿನ ಝೀಟಾ ಮೂಗಿಗೆ ಸೆರಗು ಕಟ್ಟಿಕೊಂಡು, "ನಿಮ್ಮ ಬಸ್ಸಿಗಾಗಿ ನನ್ನ ಹೊಟ್ಟೆ ತೊಳಸುತ್ತದೆ" ಎಂದು ಗೊಣಗುತ್ತಿದ್ದಳು. ಆದರೂ ಯಾರೊಡನೆಯೂ ಬಾಯಿ ಬಿಟ್ಟವಳಲ್ಲ.

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿದ್ದಾಗ, ೧೯೫೯ರಲ್ಲಿ, ಝೀಟಾಳ ತಮ್ಮ ಕ್ಲಾರೆನ್ಸ್ ಬೊಂಬಾಯಿಯಿಂದ ಬಂದ.

ಬಂದವನು ಬರಿಗೈಯಲ್ಲಿ ಬರಬಾರದಿತ್ತೇ? ಒಂದು ಗಾಳಿಯಂತ್ರ, ಒಂದು ಸ್ಪ್ರೇ ಗನ್ನು, ಒಂದು ಬಣ್ಣದ ಕಾರ್ಡು ತಂದ. ಮಣಿಪಾಲದಿಂದ ಅಲೆವೂರಿಗೆ ಇಳಿಯುವ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿದ. ಆಗ ಮಣಿಪಾಲದ ಬೋಳುಗುಡ್ಡದ ಮೇಲೆ ಕಾಲೇಜುಗಳು ಏಳುತ್ತಿದ್ದ ಕಾಲ. ಡಾಕ್ಟರರು, ಪ್ರೊಫೆಸರರು ಊರೂರಿನಿಂದ ತಮ್ಮ ಕಾರು ತಂದಿದ್ದರು. ಹೆಚ್ಚಿನವು ಕರಿ ಬಣ್ಣದವು. ಕ್ಲಾರೆನ್ಸ್ ಅಂಥದ್ದೊಂದು ಕರಿ ಕಾರನ್ನು ಒಳಗೆ ಎಳೆದುಕೊಂಡ, ಒಂದು ವಾರದಲ್ಲಿ ಆಕಾಶನೀಲಿ ಮೈ, ಕೆನೆಬಣ್ಣದ ತಲೆ ಮಾಡಿ ಹೊರಗೆ ಬಿಟ್ಟ. ಮೈ ತುಂಬ ಎಲ್ಲೂ ಬ್ರಶ್ಶಿನ ಒಂದು ಗೀರಿಲ್ಲ, ನೀರು ಹರಡಿದ ಹಾಗೆ ಹೊಳಪು. ಅಲ್ಲಿಂದ ಮುಂದೆ ಕರಿ ಕಾರು ಇದ್ದವರಿಗೆ ತಮ್ಮದು ಸಾವಿನ ಮನೆಗೆ ಹೋಗುವ ಗಾಡಿಯಂತೆ ಕಾಣತೊಡಗಿತು. ಒಬ್ಬರಿಗೆ ತಿಳಿ ಹಸಿರು, ಇನ್ನೊಬ್ಬರಿಗೆ ಬೂದು ಮತ್ತು ಬಿಳಿ, ಮತ್ತೊಬ್ಬರಿಗೆ ಗುಲಾಬಿಯ ಒಂದು ಛಾಯೆ. ಕಜೆಟನನ ಬಣ್ಣಗಳಿಗೆಲ್ಲ ಬಾಳೆಎಲೆ, ಇಟ್ಟಿಗೆ, ಆನೆ ಎಂದು ನೆಲದ ಹೆಸರುಗಳಿದ್ದವು. ಕ್ಲಾರೆನ್ಸನ ಕಾರ್ಡಿನಲ್ಲಿದ್ದ ಬಣ್ಣಗಳಿಗೆ ಕನ್ನಡದಲ್ಲೂ ಕೊಂಕಣಿಯಲ್ಲೂ ಹೆಸರೇ ಇರಲಿಲ್ಲ.

ಒಂದು ಭಾನುವಾರ ಆ ನೀಲಿ ಕಾರು ಕೆಮ್ಮಣ್ಣಿಗೇ ಬಂತು. ಕಾರಿನ ಯಜಮಾನರಾದ ಡಾಕ್ಟರರು ಊರಿಗೆ ಹೋಗಿದ್ದರು, ಕಾರನ್ನು ಓಡಿಸಿ ನೋಡುವ ನೆಪದಲ್ಲಿ ಕ್ಲಾರೆನ್ಸ್ ಅಕ್ಕನಿಗೆ ತೋರಿಸಲು ತಂದಿದ್ದ. ಕೇರಿಯ ಜನವೆಲ್ಲ ಅಂಗಳದಲ್ಲಿ ಸೇರಿತು. ಝೀಟಾ ಕಾರಿನ ಬಾಗಿಲ ಮುಂದೆ ಬಗ್ಗಿ ನಿಂತು ಬೆರಗಾದಳು.

"ಕೇಳಿತಾ, ಇಲ್ಲಿ ಬನ್ನಿ, ಮುಖ ಕಾಣುತ್ತದೆ!" ಎಂದು ಗಂಡನನ್ನು ಕರೆದಳು. ಆ ಹೊಳಪಿನಲ್ಲೇ ನೋಡಿಕೊಂಡು, ಜಾರಿದ್ದ ತುರುಬನ್ನು ಬಿಗಿಮಾಡಿಕೊಂಡಳು.

"ಮುಖ ನೋಡಲಿಕ್ಕೆ ಮನೆಯಲ್ಲಿ ಕನ್ನಡಿ ಇಲ್ವಾ?" ಎಂದ ಕಜೆಟನ್, ಜಗಲಿಯಿಂದ ಇಳಿಯದೆ.

ಜನ ನಕ್ಕಿತು. ಕ್ಲಾರೆನ್ಸನೂ ನಕ್ಕ. ಕಜೆಟನನಿಗೆ ಮಾತ್ರ ಯಾರೋ ಎದೆಯ ಮೇಲೆ ಕೆಂಡ ಸುರಿದ ಹಾಗಾಯಿತು. ಎಂಟು ವರ್ಷದ ಸಂಸಾರದಲ್ಲಿ ತನ್ನ ಯಾವ ಬಸ್ಸಿನ ಮುಂದೆಯೂ ಇವಳು ಹೀಗೆ ತುರುಬು ಸರಿಮಾಡಿಕೊಂಡವಳಲ್ಲ! ಮರುದಿನ ಬೆಳಿಗ್ಗೆ ಅವನು ಉಡುಪಿಯ ಸ್ಟ್ಯಾಂಡಿನಲ್ಲಿ ನಿಂತಿದ್ದ ಹಸಿರು ಬಸ್ಸಿನ ಪಕ್ಕಕ್ಕೆ ಹೋಗಿ, ಅತ್ತಿತ್ತ ನೋಡಿ, ಬಗ್ಗಿ ತನ್ನ ಮುಖ ನೋಡಿದ. ಹಸಿರಿನ ಒಳಗೆ ಕಪ್ಪಗೆ ಒಂದು ನೆರಳು ಕಂಡಿತು. ಕಣ್ಣು ಯಾವುದು, ಮೂಗು ಯಾವುದು ಎಂದು ಗೊತ್ತಾಗಲಿಲ್ಲ.

ಅಂದಿನಿಂದ ಕ್ಲಾರೆನ್ಸ್ ಅವನಿಗೆ ಕಣ್ಣಿನ ಕಸವಾದ. ಮೈದುನ ಮನೆಗೆ ಬಂದರೆ ತಲೆನೋವು, ಬರದಿದ್ದರೆ ಅವನಿಗೇನು ಗರ್ವ ಎಂಬ ಸಂಕಟ. ಕ್ಲಾರೆನ್ಸ್ ತನ್ನ ಸೋದರತ್ತೆಯ ಮಗಳು ಪ್ಯಾಟ್ರಿಶಿಯಾಳ ಮದುವೆಗೆ ಬೆಳ್ಳಿಬಣ್ಣದ ಕಾರು ತಂದಾಗ, ಕಜೆಟನ್ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಸ್ಪ್ರೇ ಅಂದರೆ ಎಂತ? ಗಾಳಿಯಲ್ಲಿ ಉಗುಳುವುದು. ಅರ್ಧ ಬಣ್ಣ ಗಾಡಿಗೆ, ಅರ್ಧ ಬಣ್ಣ ಅಲೆವೂರಿನ ದನಗಳಿಗೆ" ಎಂದ. ಮಾತು ಚೆನ್ನಾಗಿಯೇ ಇತ್ತು. ಆದರೆ ನಕ್ಕವರೆಲ್ಲ ಊಟ ಮುಗಿಸಿ ಎದ್ದುಹೋಗಿ ಆ ಬೆಳ್ಳಿ ಕಾರಿನ ಸುತ್ತಲೇ ನಿಂತರು.

ಮರುವರ್ಷ ಮಳೆಗಾಲ ಕಳೆದ ಮೇಲೆ ಹಸಿರು ಬಸ್ಸು ಬಣ್ಣಕ್ಕೆ ಬರಬೇಕಿತ್ತು. ಬಸ್ಸಿನ ಬದಲು ತಾರಾನಾಥ ಹೆಗ್ಡೆಯವರೇ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಹೆಗಲ ಶಾಲನ್ನು ತಿರುಚುವ ಅಭ್ಯಾಸ. ಶಾಲು ತಿರುಚುತ್ತಲೇ ಕಜೆಟನನ ಶೆಡ್ಡಿನೊಳಗೆ ಬಂದರು.

"ಪೊರ್ಬುಗಳೇ, ನೀವು ಬೇಸರ ಮಾಡಿಕೊಳ್ಳಬಾರದು," ಎಂದರು, ಕ್ರಿಸ್ತರನ್ನು ಊರವರು ಗೌರವದಿಂದ ಕರೆಯುವ ಹೆಸರಿನಲ್ಲೇ.

"ಎಂತ ಧನಿಗಳೇ?"

"ಈಗ ಜನ ಹೊಳಪು ಕೇಳುತ್ತಾರೆ ಮಾರಾಯ್ರೆ. ಮಣಿಪಾಲದ ಕಾಲೇಜಿನ ಮಕ್ಕಳು ನಮ್ಮದನ್ನು ಎಂತ ಕರೆಯುತ್ತಾರೆ ಗೊತ್ತುಂಟಾ? ಅಜ್ಜನ ಬಸ್ಸಂತೆ! ಈ ಸಲ ಅದನ್ನು ಕ್ಲಾರೆನ್ಸನಿಗೆ ಕೊಡುವಾ ಅಂತ. ನೀಲಿ ಮಾಡುತ್ತಾನಂತೆ. ನಿಮ್ಮ ಹೆಂಡತಿಯ ತಮ್ಮನೇ ಅಲ್ವಾ? ಕೆಲಸ ಮನೆಯಲ್ಲೇ ಉಳಿದ ಹಾಗಾಯಿತು."

ಕಜೆಟನ್ ನಕ್ಕ. ಆ ನಗು ಅವನ ಮುಖದ ಮೇಲೆ ಹೇಗೆ ನಿಂತಿತೋ ದೇವರಿಗೇ ಗೊತ್ತು. "ಆಗಲಿ ಧನಿಗಳೇ. ಹೊಸ ಕಾಲ" ಎಂದ. ಅವರು ಹೋದ ಮೇಲೆ ಹಸಿರು ಬಣ್ಣದ ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಬಡಿದು, ಮುಚ್ಚಿದ್ದನ್ನೇ ಮತ್ತೆ ಮುಚ್ಚಿದ.

ಆ ಭಾನುವಾರ ಕ್ಲಾರೆನ್ಸ್ ಊಟಕ್ಕೆ ಬಂದ. ಝೀಟಾ ತಮ್ಮನಿಗೆಂದು ಹಂದಿಮಾಂಸ, ಇಡ್ಲಿಯಂಥ ಸಾನ್ನ ಮಾಡಿದ್ದಳು. ಅವಳು ಇನ್ನಷ್ಟು ಸಾನ್ನ ತರಲು ಒಳಗೆ ಹೋದಾಗ ಕ್ಲಾರೆನ್ಸ್ ತಟ್ಟೆಯಿಂದ ಕೈ ತೆಗೆದು ಭಾವನ ಕಡೆ ತಿರುಗಿದ. ಅವನ ದನಿಯಲ್ಲಿ ನಿಜವಾದ ವಿನಯವಿತ್ತು. ಕಜೆಟನನಿಗೆ ಆ ವಿನಯವನ್ನು ಕಂಡರೂ ಉರಿಯಿತು.

"ಭಾವ, ಒಂದು ಮಾತು ಕೇಳಬೇಕಿತ್ತು. ಹೆಗ್ಡೆಯವರ ಬಸ್ಸಿಗೆ ಅಡಿಯಲ್ಲಿ ಎಂತ ಕೊಟ್ಟಿದ್ದೀರಿ? ನನ್ನ ಬಣ್ಣಕ್ಕೆ ಹಾಕುವ ತಿನ್ನರ್ ಬಹಳ ಖಾರ. ಅಡಿ ಗಟ್ಟಿ ಇಲ್ಲದಿದ್ದರೆ ಎಲ್ಲವನ್ನೂ ಎಬ್ಬಿಸಿಬಿಡುತ್ತದೆ."

ಮೀನೆಣ್ಣೆ. ಅಷ್ಟೇ ಹೇಳಬೇಕಾದದ್ದು. ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಅದೇ ಹೊತ್ತಿಗೆ ಒಳಗಿನಿಂದ ಝೀಟಾ, "ಕ್ಲಾರಿ, ನಿನಗೆ ಮೇಲಿನ ಮೆತ್ತನೆಯದ್ದನ್ನೇ ಆರಿಸಿ ತರುತ್ತೇನೆ, ತಡಿ" ಎಂದು ಕೂಗಿದಳು. ತನಗೆ ಅವಳು ಎಂದಾದರೂ ಆರಿಸಿ ತಂದದ್ದುಂಟೇ ಎಂದು ಕಜೆಟನ್ ಯೋಚಿಸಿದ.

"ಅಗಸೆ ಎಣ್ಣೆ," ಎಂದ. "ಕಲ್ಲಿನ ಹಾಗೆ ಉಂಟು. ನೀನು ಧೈರ್ಯದಲ್ಲಿ ಹೊಡಿ."

"ಹಾಗಾದರೆ ಚಿಂತೆ ಇಲ್ಲ," ಎಂದ ಕ್ಲಾರೆನ್ಸ್.

ಬಾಗಿಲಿನ ಕೈಗುರುತು ಆ ಗಳಿಗೆಯಲ್ಲಿ ಕಜೆಟನನ ನೆನಪಿಗೆ ಬರಲಿಲ್ಲ. ಅವನ ತಲೆಯ ತುಂಬ ಇದ್ದದ್ದು ಒಂದೇ: ಊರೆಲ್ಲ ನೋಡುತ್ತಿರುವಾಗ ಮೈದುನನ ಹೊಳಪು ಸುಕ್ಕಾಗಬೇಕು. ಅಂದು ಅವನು ಎರಡು ಸಾನ್ನ ಹೆಚ್ಚೇ ತಿಂದ.

ಬಸ್ಸಿಗೆ ನೀಲಿ ಹೊಡೆಯುವ ದಿನ ಅಲೆವೂರಿನ ಕಡೆ ಏನೋ ಕೆಲಸವುಂಟೆಂದು ಹೇಳಿ ಕಜೆಟನನೂ ಕ್ಲಾರೆನ್ಸನ ಶೆಡ್ಡಿಗೆ ಹೋದ. ಹೆಗ್ಡೆಯವರು ತೆಂಗಿನಕಾಯಿ ಒಡೆಸಿದರು. ಯಂತ್ರ ಗುಡುಗಿತು. ಗನ್ನಿನ ಬಾಯಿಂದ ಮಂಜಿನ ಹಾಗೆ ಹೊರಟ ನೀಲಿ, ಕಜೆಟನನ ಹಸಿರಿನ ಮೇಲೆ ಕೂರುತ್ತ ಬಂತು. ಅಬ್ಬ, ಎಂಥ ನೀಲಿ! ಕಜೆಟನ್ ಒಂದು ಹೆಜ್ಜೆ ಹತ್ತಿರ ಸರಿದ. ಹಿಡಿದುಬಿಟ್ಟರೆ? ಏನೂ ಆಗದೆ ಹೋದರೆ? ಒಂದು ಮಗ್ಗುಲು ಮುಗಿಸಿ ಕ್ಲಾರೆನ್ಸ್ ಗನ್ನು ಕೆಳಗಿಟ್ಟ. ಎಲ್ಲರೂ "ಹಾ" ಎಂದರು.

ಆಮೇಲೆ ಶುರುವಾಯಿತು. ಹಿಂದಿನ ಚಕ್ರದ ಮೇಲೆ ಮೊದಲು ಒಂದು ಸಣ್ಣ ಗುಳ್ಳೆ. ಅದರ ಪಕ್ಕ ಇನ್ನೊಂದು. ನೋಡುನೋಡುತ್ತಿದ್ದಂತೆ ಕಾದ ಹಾಲಿನ ಕೆನೆಯ ಹಾಗೆ ಬಣ್ಣ ಮುದುಡಿ, ಸುಕ್ಕುಗಟ್ಟಿ, ಹಸಿರನ್ನೂ ಎಬ್ಬಿಸಿಕೊಂಡು ಜೋಲತೊಡಗಿತು. ಚೆಂದದ ಬಸ್ಸು ಕಣ್ಣೆದುರೇ ಮುದಿಯಾಯಿತು. ಕಜೆಟನನಿಗೆ ಸ್ವರ್ಗಕ್ಕೆ ಮೂರೇ ಗೇಣು. ತುಟಿ ಅಗಲವಾಗದಿರಲೆಂದು ಅವನು ಒಳಗಿನಿಂದ ಕೆನ್ನೆ ಕಚ್ಚಿ ಹಿಡಿದ.

"ಇದೆಂತ ಮಾರಾಯ ಇದು!" ಎಂದು ಹೆಗ್ಡೆಯವರು ಕೂಗಿದರು.

ಕ್ಲಾರೆನ್ಸ್ ಬಸ್ಸಿನ ಹತ್ತಿರ ಬಗ್ಗಿದ. ಸುಕ್ಕಾದ ಬಣ್ಣವನ್ನು ಉಗುರಿನಿಂದ ತಗಡಿನ ತನಕ ಗೀರಿದ. ಉಗುರನ್ನು ಮೂಗಿನ ಬಳಿ ಹಿಡಿದ. ಮೀನು ತಿಂದು ಬೆಳೆದ ಊರಿನವನಿಗೆ ಅದು ಯಾವ ಎಣ್ಣೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ತಲೆ ಎತ್ತಿ ಭಾವನನ್ನು ಒಮ್ಮೆ ನೋಡಿದ, ಆಮೇಲೆ ಹೆಗ್ಡೆಯವರ ಕಡೆ ತಿರುಗಿದ.

"ತಪ್ಪು ನನ್ನದು. ಇನ್ನೂ ಹವೆಯಲ್ಲಿ ಮಳೆಯ ಪಸೆ ಉಂಟು, ನಾನು ಅವಸರ ಮಾಡಿದೆ. ಪೂರ್ತಿ ಕೆರೆದು, ತಗಡು ಕಾಣಿಸಿ, ಹೊಸದಾಗಿಯೇ ಮಾಡಿಕೊಡುತ್ತೇನೆ."

ಕಜೆಟನನ ಸಂತೋಷ ಅಲ್ಲಿಗೇ ನಿಂತುಹೋಯಿತು. ಅವನು ಕಾದದ್ದು ಜಗಳಕ್ಕೆ. ಕ್ಲಾರೆನ್ಸ್ ಬೆರಳು ತೋರಿಸಿ ಬೊಬ್ಬೆ ಹೊಡೆದಿದ್ದರೆ ತಾನೂ ಹೊಡೆಯಬಹುದಿತ್ತು, ಎರಡು ದಿನ ಊರಿಗೆ ಮಾತಾಗುತ್ತಿತ್ತು, ಮುಗಿಯುತ್ತಿತ್ತು. ಈ ಹುಡುಗ ತಪ್ಪನ್ನೂ ತಾನೇ ಹೊತ್ತು ಅಲ್ಲೂ ಮೇಲಾದನಲ್ಲ! ಹೊಟ್ಟೆಕಿಚ್ಚಿಗೆ ಇನ್ನು ಹೊಸ ಕಟ್ಟಿಗೆ ಬೇಕಾಗಿರಲಿಲ್ಲ. ಮೈದುನನ ಒಳ್ಳೆಯತನವನ್ನು ಕಂಡೂ ಅವನ ಹೊಟ್ಟೆ ಉರಿಯಿತು.

ಮನೆಯಲ್ಲಿ ಝೀಟಾಳಿಗೆ ತಿಳಿದದ್ದು ಬಣ್ಣ ಹಿಡಿಯಲಿಲ್ಲ ಎಂದಷ್ಟೇ. "ಅಷ್ಟು ದೊಡ್ಡ ಬಸ್ಸನ್ನು ನನ್ನ ತಮ್ಮ ಒಬ್ಬನೇ ಕೆರೆಯಬೇಕಾ?" ಎಂದು ಕೇಳಿದಳು. "ನಿಮ್ಮ ಶೆಡ್ಡಿನಲ್ಲಿ ಈಗ ಗಾಡಿಯೂ ಇಲ್ಲ. ನಾಳೆಯಿಂದ ನೀವೂ ಹೋಗಿ." ಮರುದಿನ ಕಜೆಟನ್ ಉಳಿ ಹಿಡಿದು ಅಲೆವೂರಿಗೆ ಹೊರಟ.

ಹೀಗೆ ಅವನು ತನ್ನ ಕೆಲಸವನ್ನು ತಾನೇ ಕೆರೆಯಲು ಕುಳಿತ. ಕ್ಲಾರೆನ್ಸ್ ಬೆಂಕಿಯ ದೀಪ ಹಿಡಿದು ಬಣ್ಣ ಕಾಯಿಸುತ್ತಾನೆ, ಕಜೆಟನ್ ಉಳಿಯಿಂದ ಎಬ್ಬಿಸುತ್ತಾನೆ. ನೀಲಿಯ ಕೆಳಗೆ ಹೋದ ವರ್ಷದ ಹಸಿರು, ಅದರ ಕೆಳಗೆ ಹೆಗ್ಡೆಯವರ ಮಗಳ ಮದುವೆಯ ವರ್ಷದ ಸ್ವಲ್ಪ ಕಪ್ಪು ಹಸಿರು, ಅದರ ಕೆಳಗೆ ಬಣ್ಣ ಸಿಗದೆ ಎರಡು ಡಬ್ಬಿ ಬೆರೆಸಿ ಮಾಡಿದ ಗಿಳಿ ಹಸಿರು. ಒಂದೊಂದು ಪದರವೂ ಅವನ ಒಂದೊಂದು ವರ್ಷ. ಸುರುಳಿ ಸುರುಳಿಯಾಗಿ ಕಾಲಬುಡದಲ್ಲಿ ಬಿದ್ದವು. ಬೆಂಕಿ ತಾಗಿದಾಗಲೆಲ್ಲ ಅಡಿಕೋಟಿನಿಂದ ಬೂತಾಯಿ ಹುರಿಯುವ ವಾಸನೆ ಎದ್ದು, ಅಲೆವೂರಿನ ಬೆಕ್ಕುಗಳು ಶೆಡ್ಡಿನ ಬಾಗಿಲಲ್ಲಿ ಬಾಲ ಸುತ್ತಿಕೊಂಡು ಕುಳಿತವು. ಕ್ಲಾರೆನ್ಸ್ ಅವನ್ನು ನೋಡಿ ನಕ್ಕ. ಕಜೆಟನ್ ನಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಕ್ಲಾರೆನ್ಸ್ ದೀಪ ಆರಿಸಿ, ತಗಡಿನ ಮೇಲೆ ಕೈಯಾಡಿಸಿದ. ಒಂಬತ್ತು ವರ್ಷ ಕಡಲ ಗಾಳಿಯಲ್ಲಿ ಓಡಿದ ತಗಡು, ಒಂದು ಚುಕ್ಕಿ ತುಕ್ಕಿಲ್ಲ.

"ಒಂದು ಮಾತು ಹೇಳಿದ್ದರೆ ಸಾಕಿತ್ತು ಭಾವ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ನಡುವೆ ಒಂದು ಕೋಟು ಕೊಡುತ್ತಿದ್ದೆ, ಅದರ ಮೇಲೆ ನನ್ನ ನೀಲಿ. ನಿಮ್ಮದೆಲ್ಲ ಅಡಿಯಲ್ಲಿ ಹಾಗೇ ಇರುತ್ತಿತ್ತು. ಇಷ್ಟು ಒಳ್ಳೆಯ ಅಡಿಯನ್ನು ಯಾರು ಕೆರೆಯುತ್ತಾರೆ?"

ಆಗ ಕಜೆಟನನಿಗೆ ಬಾಗಿಲಿನ ನೆನಪಾಯಿತು.

ಉಳಿ ಕೈಯಲ್ಲೇ ನಿಂತಿತು. ಹೇಳಿದ್ದರೆ ಉಳಿಯುತ್ತಿತ್ತು. ನೀಲಿಯ ಅಡಿಯಲ್ಲಿ, ಹಸಿರಿನ ಅಡಿಯಲ್ಲಿ, ಯಾರಿಗೂ ಕಾಣದೆ, ಬಸ್ಸು ಇರುವಷ್ಟು ಕಾಲ ಉಳಿಯುತ್ತಿತ್ತು. ಅದನ್ನು ಅಳಿಸುತ್ತಿರುವುದು ಮೈದುನನಲ್ಲ, ಅವನ ಯಂತ್ರವಲ್ಲ. ಕಜೆಟನ್ ಬಾಗಿಲನ್ನು ಬಿಟ್ಟು ಹಿಂಭಾಗ ಕೆರೆದ, ಮುಂಭಾಗ ಕೆರೆದ, ಬಾನೆಟ್ಟು ಕೆರೆದ. ಮೂರು ದಿನ ಕಳೆದು ಇಡೀ ಬಸ್ಸು ಬೆತ್ತಲೆ ತಗಡಾಗಿ ನಿಂತಾಗಲೂ ಬಾಗಿಲೊಂದು ಮಾತ್ರ ಸುಕ್ಕು ನೀಲಿಯಲ್ಲೇ ಇತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಝೀಟಾ ಇಬ್ಬರಿಗೂ ಬುತ್ತಿ ಹಿಡಿದುಕೊಂಡು ಬಂದಳು. ಶೆಡ್ಡಿನ ಹೊರಗೆ ಬೆಕ್ಕುಗಳ ನಡುವೆಯೇ ಅವಳ ಕಾಲು ನಿಂತಿತು. ಮೂಗಿಗೆ ಸೆರಗು ಕಟ್ಟಿಕೊಂಡು ಹಿತ್ತಲಲ್ಲಿ ಎಷ್ಟೋ ವರ್ಷ ಕುದಿಸಿದ ವಾಸನೆ ಅದು.

"ಕ್ಲಾರಿ," ಎಂದಳು, "ಭಾವ ನಿನಗೆ ಎಣ್ಣೆಯ ವಿಷಯ ಹೇಳಿರಲಿಲ್ವಾ?"

"ಹೇಳಿದ್ದರು ಅಕ್ಕ. ನಾನೇ ಮರೆತೆ," ಎಂದು ಕ್ಲಾರೆನ್ಸ್ ಕಿವಿಯ ಹಿಂದೆ ತುರಿಸಿಕೊಂಡ. ಎತ್ತಿ ಆಡಿಸಿದ ತಮ್ಮ. ಸುಳ್ಳು ಹೇಳುವಾಗ ಅವನು ಕಿವಿ ತುರಿಸಿಕೊಳ್ಳುತ್ತಾನೆಂದು ಅವಳಿಗೆ ಅವನು ತೊದಲುವ ಕಾಲದಿಂದಲೂ ಗೊತ್ತು.

ಝೀಟಾ ಗಂಡನನ್ನು ನೋಡಿದಳು. ಕಜೆಟನ್ ಉಳಿಯ ಅಲಗನ್ನು ನೋಡುತ್ತಿದ್ದ. ಅವಳು ಬುತ್ತಿಯನ್ನು ಕೆಳಗಿಟ್ಟು, ನೆಟ್ಟಗೆ ಬಸ್ಸಿನ ಬಾಗಿಲಿಗೆ ನಡೆದಳು. ಬೆಳಕು ಓರೆಯಾಗಿ ಬೀಳುವಲ್ಲಿ ತಲೆ ವಾಲಿಸಿ ನಿಂತು, ಸುಕ್ಕುಗಳ ನಡುವೆ ಹುಡುಕಿ, ಇದ್ದ ಜಾಗದಲ್ಲಿ ಅಂಗೈ ಇಟ್ಟಳು. ಅವಳ ಕೈ ಈಗ ಆ ಹುಡುಗಿಯ ಕೈಗಿಂತ ಸ್ವಲ್ಪ ಅಗಲವಾಗಿತ್ತು.

"ಇದೊಂದನ್ನು ಯಾಕೆ ಬಾಕಿ ಇಟ್ಟಿದ್ದೀರಿ?"

"ಝೀಟಾ, ಅದು..."

"ಎಂತ ಅಂತ ನನಗೆ ಗೊತ್ತುಂಟು," ಎಂದಳು. "ಕೆರೆಯಿರಿ."

ಅವಳು ಅಲ್ಲೇ ನಿಂತಳು. ಅವನು ಕೆರೆದ. ಕಿರುಬೆರಳಿನಿಂದ ಶುರುಮಾಡಿ ಹೆಬ್ಬೆರಳಿನ ತನಕ ಎಲ್ಲವೂ ಪುಡಿಯಾಗಿ ಅವನ ಪಾದದ ಮೇಲೆ ಬಿತ್ತು. ಅಂದಿನ ಬುತ್ತಿಯನ್ನು ಅವನು ತೆರೆಯಲೇ ಇಲ್ಲ.

ಕ್ಲಾರೆನ್ಸ್ ಈ ಸಲ ನಿಧಾನವಾಗಿ, ಅಡಿಯಿಂದ ಎಲ್ಲವನ್ನೂ ಹೊಸದಾಗಿ ಕೊಟ್ಟು ನೀಲಿ ಹೊಡೆದ. ಉಜ್ಜಿ ಹೊಳಪು ಕೊಟ್ಟ ಮೇಲೆ ಬಸ್ಸಿನ ಮಗ್ಗುಲಲ್ಲಿ ಇಡೀ ಮಣಿಪಾಲದ ಗುಡ್ಡವೇ ಕಾಣುತ್ತಿತ್ತು. ಕೆಂಪು ಗೆರೆಯೊಂದು ಬಾಕಿ. ಅದನ್ನೂ ಕಾಗದ ಅಂಟಿಸಿ ಸ್ಪ್ರೇಯಲ್ಲೇ ಹೊಡೆಯಬಹುದಿತ್ತು. ಕ್ಲಾರೆನ್ಸ್ ಹಾಗೆ ಮಾಡದೆ ಕೆಮ್ಮಣ್ಣಿಗೆ ಬಂದು, "ಗೆರೆ ನೀವೇ ಎಳೆಯಬೇಕು ಭಾವ. ಅದು ನನ್ನ ಕೈಯಿಂದ ಆಗುವ ಕೆಲಸವಲ್ಲ" ಎಂದು ಕರೆದ. ಬೇಡ ಎನ್ನುವ ಮೊದಲೇ ಝೀಟಾ ಒಳಗಿನಿಂದ ಆ ಉದ್ದ ಕೂದಲಿನ ಬ್ರಶ್ಶು ತಂದು ಗಂಡನ ಮುಂದಿಟ್ಟಳು. ತಾನೂ ಹೊರಟಳು.

ಡ್ರೈವರುಗಳು ಬಂದಿದ್ದರು, ಹೆಗ್ಡೆಯವರು ಶಾಲು ತಿರುಚದೆ ನಿಂತಿದ್ದರು. ಕಜೆಟನ್ ಮೂತಿಯ ಬಳಿ ಬ್ರಶ್ಶು ಇಟ್ಟು, ಕಿರುಬೆರಳು ಆನಿಸಿ, ಉಸಿರು ಬಿಗಿಹಿಡಿದು ಹಿಂದೆ ನಡೆದ. ಗೆರೆ ಅವನ ಹಿಂದೆಯೇ ಬಂತು. ಒಂದು ಕಿಟಕಿ ದಾಟಿತು, ಎರಡು ದಾಟಿತು. ಬಾಗಿಲಿಗೆ ಬಂದಾಗ, ಆ ಹಾಳು ಹೊಳಪಿನಲ್ಲಿ, ಒಂದು ಕಾಲದಲ್ಲಿ ಐದು ಬೆರಳಿದ್ದ ಜಾಗದಲ್ಲಿ, ಅವನಿಗೆ ತನ್ನ ಮುಖ ಕಂಡಿತು. ಈ ಸಲ ನೆರಳಲ್ಲ. ಕಣ್ಣು, ಮೂಗು, ಬಾಯಿಯ ಪಕ್ಕದ ಸುಕ್ಕು, ಎಲ್ಲ ನಿಚ್ಚಳ. ಗೆರೆ ಬಾಗಿಲಿನ ಮೇಲೆ ಒಂದು ಬೆರಳಿನಷ್ಟು ಕೆಳಗೆ ಬಾಗಿ, ಮತ್ತೆ ಮೇಲೆದ್ದು, ಬಾಲದ ತನಕ ನೆಟ್ಟಗೆ ಹೋಯಿತು.

ಕಜೆಟನನ ಗೆರೆ ಸೊಟ್ಟಗಾದದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕಂಡವರಲ್ಲ. ಕ್ಲಾರೆನ್ಸ್ ಎಣ್ಣೆಬಟ್ಟೆ ಹಿಡಿದು ಮುಂದೆ ಬಂದ. "ಹಸಿ ಉಂಟು ಭಾವ, ಒರೆಸಿದರೆ ಹೋಗುತ್ತದೆ. ಇನ್ನೊಮ್ಮೆ ಎಳೆಯಿರಿ."

ಝೀಟಾ ತಮ್ಮನ ಕೈಯನ್ನು ಹಿಡಿದು ನಿಲ್ಲಿಸಿದಳು. ಗೆರೆಯನ್ನೊಮ್ಮೆ ನೋಡಿ, ಗಂಡನ ಮುಖವನ್ನೊಮ್ಮೆ ನೋಡಿದಳು.

"ಇರಲಿ ಬಿಡು," ಎಂದಳು.

ಆ ಬಸ್ಸು ಆಮೇಲೆಯೂ ಎಷ್ಟೋ ವರ್ಷ ಓಡಿತು. ಕಾಪುವಿನ ಹೆಂಗಸರು "ನೀಲಿ ಬಂತು" ಎನ್ನಲು ಕಲಿತರು. ಕಜೆಟನ್ ತನ್ನ ಶೆಡ್ಡು ಮುಚ್ಚಿ ಕ್ಲಾರೆನ್ಸನಲ್ಲಿ ಗೆರೆ ಎಳೆಯುವ ಕೆಲಸಕ್ಕೆ ಹೋದ. ಮೈದುನನ ಮೇಲಿನ ಹೊಟ್ಟೆಕಿಚ್ಚು ಅವನಿಗೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಝೀಟಾ ಅಂದು ಹಾಗೆಂದದ್ದು ಕ್ಷಮಿಸಿಯೋ, ಅವನ ತಪ್ಪಿನ ಗುರುತು ಉಳಿಯಲಿ ಎಂದೋ, ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಬಸ್ಸಿಗೆ ಹತ್ತುವಾಗ ಅವಳು ಪ್ರತಿ ಸಲ ಬಾಗಿಲಿನ ಆ ಸೊಟ್ಟದ ಮೇಲೆ ಒಂದು ಬೆರಳು ಇಡುತ್ತಿದ್ದಳು. ಹಿಂದೆ ನಿಂತ ಅವನಿಗೆ ಹೊಳಪಿನಲ್ಲಿ ಅವಳ ಮುಖವೂ ಅದರ ಹಿಂದೆ ತನ್ನದೂ ಕಾಣುತ್ತಿತ್ತು, ಅವನು ತಲೆ ತಗ್ಗಿಸಿ ಹತ್ತುತ್ತಿದ್ದ.